ನಾಲ್ಕು ಎಕರೆ ಮಸಾರಿ, 45 ಕುರಿ: ಬೇಲಿಗೆ ಸಾಲ ಮಾಡಬೇಕಾ?

ಪ್ರಶ್ನೆ: ನಾವು ಲಕ್ಷ್ಮೇಶ್ವರ ಕಡೆಯವರು. ಒಂಬತ್ತು ಎಕರೆ ಜಮೀನಿದೆ. ಐದು ಎಕರೆ ಎರೆ (ಕಪ್ಪು ಮಣ್ಣು), ನಾಲ್ಕು ಎಕರೆ ಮಸಾರಿ (ಕೆಂಪು ಮಣ್ಣು). ಮಸಾರಿಯಲ್ಲಿ ಗರಸೇ (ಸಣ್ಣ ಕಲ್ಲು) ಜಾಸ್ತಿ, ಹಾಗಾಗಿ ಕೆಲವು ವರ್ಷಗಳಿಂದ ಬಿತ್ತಿಲ್ಲ, ಕುರಿಗೆ ಬಿಟ್ಟಿದ್ದೇವೆ. 45 ಕುರಿ, 3 ಎಮ್ಮೆ, ಒಂದು ಜೋಡಿ ಎತ್ತು ಇವೆ. ಬೋರಿನಲ್ಲಿ ಮಾರ್ಚ್ ತನಕ ಮಾತ್ರ ನೀರು. ನಮ್ಮ ಮನೆಯವರು ಫೋನಿನಲ್ಲಿ ರೀಜನರೇಟಿವ್ ಗ್ರೇಜಿಂಗ್ ವಿಡಿಯೋ ನೋಡಿದ್ದಾರೆ. ಮಸಾರಿಯನ್ನು 20 ತುಂಡು ಮಾಡಿ ಸೋಲಾರ್ ಬೇಲಿ ಹಾಕಿಸೋಣ, ದಿನಕ್ಕೊಂದು ತುಂಡಿನಲ್ಲಿ ಕುರಿ ಮೇಯಿಸೋಣ, ಸುತ್ತಲೂ ಸುಬಾಬುಲ್ ಮೇವಿನ ಗಿಡ ಹಚ್ಚೋಣ ಅನ್ನುತ್ತಿದ್ದಾರೆ. ಬೇಲಿಗೆ 1 ಲಕ್ಷ 30 ಸಾವಿರದ ಕೊಟೇಶನ್ ಬಂದಿದೆ. ಸಂಘದಲ್ಲಿ ನನ್ನ ಹೆಸರಿನಲ್ಲಿ ಸಾಲ ತೆಗೆಯಬೇಕು. ನಮ್ಮ ಅತ್ತೆ "ಕುರಿ ಬಾಯಿ ಬಿದ್ದ ನೆಲ ಮತ್ತ ಚಿಗುರಂಗಿಲ್ಲ, ಬೇಲಿ ಹಾಕಿದ್ರೇನು ಬಿಟ್ರೇನು" ಅನ್ನುತ್ತಾರೆ. ಸುಬಾಬುಲ್ ತಿಂದರೆ ಕೂದಲು ಉದುರುತ್ತದೆ ಅಂತಲೂ ಕೇಳಿದ್ದೇನೆ. ಎರಡು ವರ್ಷದಲ್ಲಿ ಮೇವು ಕೊಳ್ಳುವುದೇ ನಿಲ್ಲುತ್ತದಂತೆ, ನಿಜವಾ? ಸಾಲ ಮಾಡಲಾ, ಬೇಡವಾ?

ಉತ್ತರ: ಸಾಲ ಬೇಡ. ಅಂದರೆ ಬೇಲಿಗೆ ಬೇಡ. ಹಾಗಂತ ನಿಮ್ಮ ಮನೆಯವರ ಯೋಚನೆ ಪೂರ್ತಿ ತಪ್ಪು ಅಂತಲ್ಲ. ನಿಮ್ಮ ಅತ್ತೆಯವರ ಮಾತಿನಲ್ಲೂ ಅರ್ಧ ಸತ್ಯ ಇದೆ. ಮನೆಯಲ್ಲಿ ಇಬ್ಬರೂ ಒಂದೊಂದು ತುದಿ ಹಿಡಿದು ಎಳೆಯುತ್ತಿದ್ದಾರೆ, ಸಹಿ ಹಾಕಬೇಕಾದವರು ನೀವು. ಆದ್ದರಿಂದ ಮೊದಲು ಲೆಕ್ಕ ನೋಡೋಣ.

ಒಂದು ದೊಡ್ಡ ಕುರಿ ದಿನಕ್ಕೆ ಸುಮಾರು ಒಂದು ಕೆಜಿ ಒಣ ಲೆಕ್ಕದ ಮೇವು ತಿನ್ನುತ್ತದೆ. ಹಸಿ ಹುಲ್ಲಾದರೆ ನಾಲ್ಕೈದು ಕೆಜಿ ಬೇಕು, ಅದರಲ್ಲಿ ನೀರೇ ಹೆಚ್ಚು. 45 ಕುರಿಗೆ ವರ್ಷಕ್ಕೆ 16 ಟನ್ ಆಯ್ತು. ಎಮ್ಮೆಗೆ ದಿನಕ್ಕೆ ಹತ್ತು ಕೆಜಿ ಹಿಡಿದರೆ ಮೂರಕ್ಕೆ 11 ಟನ್. ಎತ್ತಿನ ಜೋಡಿಗೆ ಆರೂವರೆ. ಎಲ್ಲ ಸೇರಿ 34 ಟನ್ ಹತ್ತಿರ.

ಈಗ ಹುಟ್ಟುವಳಿ. ಗರಸು ಎದ್ದ ಮಸಾರಿ, ವರ್ಷವಿಡೀ ಕುರಿ ತುಳಿದದ್ದು, ಎಕರೆಗೆ ಅರ್ಧ ಟನ್ ಒಣ ಹುಲ್ಲು ಕೊಟ್ಟರೆ ಹೆಚ್ಚು. ನಾಲ್ಕು ಎಕರೆಗೆ ಎರಡು ಟನ್. ಒಳ್ಳೆಯ ಹುಲ್ಲು, ಸ್ಟೈಲೋ ಅನ್ನುವ ಮೇವಿನ ಗಿಡ ಎಲ್ಲ ಬಿತ್ತಿ, ಮಳೆಯೂ ಚೆನ್ನಾಗಿ ಆಗಿ, ಮೂರು ವರ್ಷ ಕಾಯ್ದರೆ ಎಕರೆಗೆ ಒಂದೂವರೆಯಿಂದ ಎರಡು ಟನ್ ನಿರೀಕ್ಷಿಸಬಹುದು. ಅದರಲ್ಲೂ ಅರ್ಧವನ್ನು ನೆಲದ ಮೇಲೆ ಬಿಡಲೇಬೇಕು, ಇಲ್ಲದಿದ್ದರೆ ಮುಂದಿನ ವರ್ಷ ಹುಲ್ಲಿಲ್ಲ. ಅಂದರೆ ಕುರಿಗೆ ಸಿಗುವುದು ಮೂರರಿಂದ ನಾಲ್ಕು ಟನ್. ಎರೆಯಲ್ಲಿ ಮೂರು ಎಕರೆ ಹಿಂಗಾರಿ ಜೋಳ ಹಾಕಿದರೆ ಇನ್ನೊಂದು ಮೂರು ನಾಲ್ಕು ಟನ್ ಕಣಕಿ, ಅಂದರೆ ಜೋಳದ ಒಣ ದಂಟು.

ಎಷ್ಟು ಕೂಡಿಸಿದರೂ ಎಂಟು ಟನ್ ದಾಟುವುದಿಲ್ಲ. ಬೇಕಾಗಿರುವುದು 34. ನಿಮ್ಮ ಕುರಿ ಬದುಕಿರುವುದು ನಿಮ್ಮ ನಾಲ್ಕು ಎಕರೆಯ ಮೇಲೆ ಅಲ್ಲವೇ ಅಲ್ಲ. ಊರಿನ ಗಾಯರಾಣ (ಗೋಮಾಳ), ಹಳ್ಳದ ದಂಡೆ, ಸುಗ್ಗಿ ಆದ ಮೇಲೆ ಮಂದಿಯ ಹೊಲ, ರಸ್ತೆ ಬದಿ, ಬದುವಿನ ಹುಲ್ಲು, ಇವುಗಳ ಮೇಲೆ. ಬೇಲಿ ಎಷ್ಟೇ ಚೆಂದ ಇರಲಿ, ಬೇಲಿಯೊಳಗೆ ಇಲ್ಲದ ಹುಲ್ಲನ್ನು ಅದು ಹುಟ್ಟಿಸುವುದಿಲ್ಲ. ಎರಡು ವರ್ಷದಲ್ಲಿ ಮೇವು ಕೊಳ್ಳುವುದು ನಿಲ್ಲುತ್ತದೆ ಅನ್ನುವ ಮಾತನ್ನು ಇಲ್ಲಿಗೇ ಕೈಬಿಡಿ. ಎಮ್ಮೆಯ ಹಿಂಡಿಯಂತೂ ನಿಲ್ಲಿಸುವ ಮಾತೇ ಇಲ್ಲ. ಹಿಂಡಿ ನಿಲ್ಲಿಸಿದರೆ ಹಾಲೂ ನಿಲ್ಲುತ್ತದೆ.

ಹಾಗಾದರೆ ಈ ಪದ್ಧತಿಯಲ್ಲಿ ಹುರುಳೇ ಇಲ್ವಾ? ಇದೆ. ಆದರೆ ಅದು ವಿಡಿಯೋದಲ್ಲಿ ತೋರಿಸುವ ಜಾಗದಲ್ಲಿಲ್ಲ.

ಕುರಿಯನ್ನು ಒತ್ತಾಗಿ ಒಂದೇ ಕಡೆ ಮೇಯಿಸಿ, ಮುಂದೆ ದಾಟಿಸಿ, ಹಿಂದಿನ ಜಾಗಕ್ಕೆ ಬಿಡುವು ಕೊಡುವುದು, ಇಷ್ಟೇ ಇದರ ತಿರುಳು. ಜಿಂಬಾಬ್ವೆಯ ಅಲನ್ ಸೇವರಿ ಅವರು 2013ರಲ್ಲಿ ಮಾಡಿದ ಭಾಷಣದಿಂದ ಇದು ಜಗತ್ತಿಗೆಲ್ಲ ಹಬ್ಬಿತು. ದನ ಹೆಚ್ಚಿಸಿದರೆ ಮರುಭೂಮಿಯೂ ಹಸಿರಾಗುತ್ತದೆ, ಹವಾಮಾನವೂ ಸರಿಹೋಗುತ್ತದೆ ಅನ್ನುವಷ್ಟು ದೂರ ಅವರು ಹೋದರು. ಆ ದೊಡ್ಡ ಮಾತನ್ನು ಹುಲ್ಲುಗಾವಲು ವಿಜ್ಞಾನಿಗಳಲ್ಲಿ ಬಹಳ ಜನ ಒಪ್ಪಿಲ್ಲ. ಒಂದೇ ಸಂಖ್ಯೆಯ ಜಾನುವಾರು ಇಟ್ಟು, ಸುತ್ತು ಹಾಕಿಸಿ ಮೇಯಿಸಿದ್ದನ್ನೂ ಸುಮ್ನೆ ಬಿಟ್ಟು ಮೇಯಿಸಿದ್ದನ್ನೂ ಹೋಲಿಸಿದ ಪ್ರಯೋಗಗಳಲ್ಲಿ, ಹುಲ್ಲಿನ ಇಳುವರಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣದ್ದೇ ಹೆಚ್ಚು. ಎಷ್ಟು ಜಾನುವಾರು, ಎಷ್ಟು ಮಳೆ, ಈ ಎರಡೇ ಬಹಳಷ್ಟನ್ನು ತೀರ್ಮಾನಿಸುತ್ತವೆ. ಆದರೆ ಬಿಡುವು ಸಿಕ್ಕ ಹುಲ್ಲು ಬೇರು ಬಿಡುತ್ತದೆ ಅನ್ನುವುದರಲ್ಲಿ ಯಾರಿಗೂ ಜಗಳ ಇಲ್ಲ.

ಇದು ನಮಗೆ ಹೊಸದೂ ಅಲ್ಲ. ಹಳೇ ಮೈಸೂರಿನ ಅಮೃತಮಹಲ್ ಕಾವಲುಗಳನ್ನು ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇಟ್ಟಿದ್ದರು. ದನ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದವು. ನಮ್ಮ ಕುರಿಗಾರರು ಹಿಂಡು ಕಟ್ಟಿಕೊಂಡು ಊರೂರು ಸುತ್ತುವುದೂ ಬೇರೇನಲ್ಲ. ಕುರಿ ದಾಟಿ ಹೋದ ಜಾಗಕ್ಕೆ ತಿಂಗಳುಗಟ್ಟಲೆ ಬಿಡುವು.

ಅತ್ತೆಯವರ ಮಾತಿಗೆ ಬರೋಣ. ಆಕಳು ನಾಲಿಗೆಯಿಂದ ಹುಲ್ಲನ್ನು ಸುತ್ತಿ ಕಿತ್ತು ತಿನ್ನುತ್ತದೆ, ಹಾಗಾಗಿ ಬುಡದಲ್ಲಿ ಸ್ವಲ್ಪ ಉಳಿಯುತ್ತದೆ. ಕುರಿ ಹಾಗಲ್ಲ. ತುಟಿ ಸೀಳಿರುವುದರಿಂದ ನೆಲಕ್ಕೆ ಹಲ್ಲು ಹಚ್ಚಿ ಕತ್ತರಿಸುತ್ತದೆ. ನಾಳೆ ನಿಮ್ಮ ಮಸಾರಿಗೆ ಹೋಗಿ ಒಂದು ಹುಲ್ಲಿನ ಬುಡ ಹಿಡಿದು ನೋಡಿ. ಬೆರಳಿನ ಅಗಲಕ್ಕಿಂತ ಗಿಡ್ಡ ಇದ್ದು, ಬಿಳಿ ದಂಟು ಮಾತ್ರ ಉಳಿದು, ಹಸಿರು ಎಲೆ ಒಂದೂ ಇಲ್ಲದಿದ್ದರೆ ಅದು ಹಸಿದ ಹುಲ್ಲು. ಎಳೆದರೆ ಬೇರು ಸಮೇತ ಸಲೀಸಾಗಿ ಬರುತ್ತದೆ. ಎಲೆಯಲ್ಲಿ ಅರ್ಧ ಹೋದರೆ ಬೇರಿಗೆ ಅಷ್ಟೇನೂ ಪೆಟ್ಟಾಗುವುದಿಲ್ಲ. ನೂರಕ್ಕೆ 80–90 ಭಾಗ ಹೋದರೆ ಬೇರು ಎರಡು ವಾರದ ತನಕ ಬೆಳೆಯುವುದನ್ನೇ ನಿಲ್ಲಿಸುತ್ತದೆ. ಅಮೆರಿಕದಲ್ಲಿ 1950ರ ದಶಕದಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಹುಲ್ಲು ಬೆಳೆಸಿ ಇದನ್ನು ಕಣ್ಣಾರೆ ನೋಡಿದ್ದಾರೆ. ಬೇರು ನಿಂತ ಆ ಎರಡು ವಾರದಲ್ಲಿ ಕುರಿ ಮತ್ತೆ ಬಂದು ಚಿಗುರು ಕಿತ್ತರೆ ಅತ್ತೆಯವರ ಮಾತು ನಿಜವಾಯಿತು. ಬರದಿದ್ದರೆ ಸುಳ್ಳಾಯಿತು. ಅಷ್ಟಕ್ಕೂ ಕುರಿ ಬಾಯಿ ವಿಷ ಅನ್ನುವ ಹಿರಿಯರೇ ಬೇಸಿಗೆಯಲ್ಲಿ ದುಡ್ಡು, ಜೋಳ ಕೊಟ್ಟು ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುತ್ತಾರೆ ಅಲ್ವಾ?

ಈಗ ನನ್ನ ಮುಖ್ಯ ಮಾತು. ವಿಡಿಯೋದ ಹಸಿರು ನಾಡುಗಳಲ್ಲಿ ವರ್ಷದ ಬಹುಪಾಲು ಮಳೆ ಹನಿಯುತ್ತಲೇ ಇರುತ್ತದೆ. 30 ದಿನ ಬಿಟ್ಟರೆ ಹುಲ್ಲು ಮೊಣಕಾಲಿಗೆ ಬರುತ್ತದೆ. ಗದಗ ಸೀಮೆಯಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ, ಅದೂ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ, ಅದೂ ನಡುನಡುವೆ ಕೈಕೊಟ್ಟು. ಹುಲ್ಲು ನಿಜವಾಗಿ ಬೆಳೆಯುವುದು ನಾಲ್ಕೂವರೆ ತಿಂಗಳು. ಡಿಸೆಂಬರ್ ಆದ ಮೇಲೆ 40 ದಿನ ಬಿಟ್ಟರೂ ಅಷ್ಟೇ, 80 ದಿನ ಬಿಟ್ಟರೂ ಅಷ್ಟೇ, ಒಂದು ಎಳೆ ಹೆಚ್ಚಾಗುವುದಿಲ್ಲ. ಆಗ ತುಂಡು ತುಂಡಾಗಿ ಮೇಯಿಸುವುದೆಂದರೆ ಇದ್ದ ಒಣ ಹುಲ್ಲನ್ನು ಪಡಿತರದಂತೆ ಹಂಚುವುದು ಮಾತ್ರ. ಅದಕ್ಕೆ ಸೋಲಾರ್ ಬೇಲಿ ಯಾಕೆ ಬೇಕು, ಕುರಿ ಕಾಯುವವರೇ ಸಾಕು.

ನಿಮ್ಮ ಹುಲ್ಲು ಸಾಯುತ್ತಿರುವುದು ಬೇಸಿಗೆಯಲ್ಲಿ ಅಲ್ಲ, ಜೂನ್‌ನಲ್ಲಿ. ಹುಲ್ಲಿನ ಬುಡ ಮತ್ತು ಬೇರು ಅದರ ಹಗೇವು ಇದ್ದಂತೆ. ಹಿಂದಿನ ಮಳೆಗಾಲದಲ್ಲಿ ಕೂಡಿಟ್ಟದ್ದನ್ನು ಮೊದಲ ಮಳೆಗೆ ಹೊರತೆಗೆದು ಚಿಗುರು ಹೊರಡಿಸುತ್ತದೆ. ಆ ಮೂರು ನಾಲ್ಕು ವಾರ ಅದು ಖರ್ಚಿನಲ್ಲೇ ಇರುತ್ತದೆ, ಗಳಿಕೆ ಇನ್ನೂ ಶುರುವಾಗಿರುವುದಿಲ್ಲ. ಸರಿಯಾಗಿ ಅದೇ ಹೊತ್ತಿಗೆ ಊರಿನ ಎಲ್ಲರ ಹೊಲದಲ್ಲಿ ಹೆಸರು, ಶೇಂಗಾ, ಗೋವಿನಜೋಳದ ಬಿತ್ತನೆ. ಕುರಿಗೆ ಹೋಗಲು ಬೇರೆ ಕಡೆ ಜಾಗವಿಲ್ಲ. ಬಣವೆ ಖಾಲಿ. ಮೃಗಶಿರಾ ಮಳೆಗೆ ಹಸಿರು ಕಂಡದ್ದೇ ತಡ, 45 ಕುರಿಯೂ ಆ ನಾಲ್ಕು ಎಕರೆಗೆ ಬೀಳುತ್ತವೆ. ಪ್ರತಿ ವರ್ಷ ಹೀಗೇ. ಒಳ್ಳೆಯ ಹುಲ್ಲು ಹೋಗಿ, ಕುರಿ ಮೂಸದ ಕಾಂಗ್ರೆಸ್ ಕಸ, ತಗಚೆ ಉಳಿದದ್ದು ಇದರಿಂದಲೇ.

ಆದ್ದರಿಂದ ನಿಮಗೆ ಬೇಕಾಗಿರುವುದು ಬೇಲಿಗಿಂತ ಮೊದಲು ಐದು ವಾರದ ಮೇವು. 45 ಕುರಿಗೆ 35 ದಿನ, ಸುಮಾರು 1.6 ಟನ್. ಅಷ್ಟನ್ನು ಮೇ ತಿಂಗಳ ಕೊನೆಗೆ ಮುಟ್ಟದೆ ಎತ್ತಿಟ್ಟರೆ, ಜುಲೈ ಮಧ್ಯದ ತನಕ ಮಸಾರಿಗೆ ಒಂದು ಕುರಿಯೂ ಕಾಲಿಡಬೇಕಿಲ್ಲ. ಕುರಿಗೆ ಬರೀ ಕಣಕಿ ಹಾಕಬೇಡಿ, ದಂಟು ಬಿಟ್ಟು ಎಲೆ ಮಾತ್ರ ತಿಂದು ಅರ್ಧ ಹಾಳು ಮಾಡುತ್ತವೆ. ಶೇಂಗಾ ಹೊಟ್ಟು, ಕಡಲೆ ಹೊಟ್ಟು, ತೊಗರಿ ಹೊಟ್ಟು ಒಳ್ಳೆಯದು. ರಾಶಿ ನಡೆಯುವ ಫೆಬ್ರವರಿ–ಮಾರ್ಚ್‌ನಲ್ಲಿ ಕೊಂಡರೆ ಅಗ್ಗ, ಮೇನಲ್ಲಿ ಕೊಳ್ಳಲು ಹೋದರೆ ಅದೇ ಹೊಟ್ಟಿಗೆ ಕೇಳಿದ ರೇಟು ಕೊಡಬೇಕು. ಚೀಲಕ್ಕೆ ತುಂಬಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಒಟ್ಟಿ. ನೀರು ಕುಡಿದು ಬೂಸ್ಟು ಹಿಡಿದ ಶೇಂಗಾ ಹೊಟ್ಟನ್ನು ಮಾತ್ರ ಕುರಿಗೆ ಹಾಕಬೇಡಿ, ಲಿವರ್ ಕೆಡುತ್ತದೆ, ಗಬ್ಬದ ಕುರಿ ದಿನ ತುಂಬುವ ಮೊದಲೇ ಮರಿ ಹಾಕಿಬಿಡುತ್ತದೆ. ಸಂಘದ ಸಾಲ ಮಾಡಲೇಬೇಕು ಅಂದರೆ ಸಣ್ಣದೊಂದನ್ನು ಇದಕ್ಕೆ ಮಾಡಿ. ಆ ವರ್ಷದ ಮರಿ ಮಾರಿ ತೀರಿಸಬಹುದು.

ಜುಲೈ ಮಧ್ಯದಿಂದ ಸುತ್ತು ಶುರು ಮಾಡಿ. ಇಪ್ಪತ್ತು ತುಂಡು ಬೇಡ. ಒಂದು ಎಕರೆಯನ್ನು ಬಿತ್ತನೆಗೆ ಬಿಡಿ (ಅದನ್ನು ಮುಂದೆ ಹೇಳುತ್ತೇನೆ). ಉಳಿದ ಮೂರು ಎಕರೆ, ಅಂದರೆ 120 ಗುಂಟೆ, ಎಂಟು ತುಂಡಾಗಲಿ. ತಲಾ 15 ಗುಂಟೆ. ಒಂದೊಂದರಲ್ಲಿ ಐದು ದಿನ. ಮತ್ತೆ ಅದೇ ತುಂಡಿಗೆ ಬರುವಷ್ಟರಲ್ಲಿ 35 ದಿನ ಬಿಡುವು ಸಿಕ್ಕಿರುತ್ತದೆ. ಆದರೆ 15 ಗುಂಟೆಯ ಹುಲ್ಲು 45 ಕುರಿಗೆ ಐದು ದಿನ ಪೂರ್ತಿ ಹೊಟ್ಟೆಗೆ ಸಾಲದು. ಅರ್ಧ ದಿನ ಇಲ್ಲಿ ಮೇಯಿಸಿ, ಉಳಿದರ್ಧಕ್ಕೆ ಬದು, ಹಳ್ಳ, ಗಾಯರಾಣ ಅಥವಾ ಮನೆಯಲ್ಲಿ ಸೊಪ್ಪು ಹೊಟ್ಟು. ದಿನದ ಲೆಕ್ಕಕ್ಕಿಂತ ಹುಲ್ಲಿನ ಎತ್ತರವನ್ನು ನಂಬಿ. ನಾಲ್ಕು ಬೆರಳು ಎತ್ತರ ಉಳಿದಾಗ ಮೂರೇ ದಿನ ಆಗಿದ್ದರೂ ಕುರಿ ಎಬ್ಬಿಸಿ. ಮಳೆ ಕೈಕೊಟ್ಟು ಹುಲ್ಲು ಮೇಲೇಳದಿದ್ದರೆ ಸುತ್ತು ನಿಲ್ಲಿಸಿ. ಇದನ್ನು ಪಾಲಿಸುವುದೇ ಕಷ್ಟ, ಯಾಕೆಂದರೆ ಕುರಿ ಅರಚುತ್ತಿರುತ್ತವೆ, ಕಣ್ಣೆದುರಿಗೆ ಹಸಿರು ಇರುತ್ತದೆ.

ಈ ಐದು ದಿನ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ, ಪಶುವೈದ್ಯನಾಗಿ ನನಗೆ ಅದೇ ದೊಡ್ಡದು. ಮಳೆಗಾಲದಲ್ಲಿ ಕುರಿ ಸೊರಗುವುದು ಬಹುಪಾಲು ಹೊಟ್ಟೆಯ ರಕ್ತ ಹೀರುವ ಜಂತುವಿನಿಂದ. ಹಿಕ್ಕೆಯಲ್ಲಿ ಬಿದ್ದ ಜಂತುವಿನ ಮೊಟ್ಟೆ ಒಡೆದು, ಮರಿ ಹುಳ ಮತ್ತೊಂದು ಕುರಿಗೆ ಹತ್ತುವಷ್ಟು ಬಲಿಯಲು ಬೆಚ್ಚನೆಯ ಹಸಿ ವಾತಾವರಣದಲ್ಲಿ ನಾಲ್ಕರಿಂದ ಏಳು ದಿನ ಸಾಕು. ಆಮೇಲೆ ಅದು ಹುಲ್ಲಿನ ಬುಡದ ಎರಡು ಮೂರು ಬೆರಳಿನಷ್ಟು ಎತ್ತರದಲ್ಲೇ ಕಾಯುತ್ತಿರುತ್ತದೆ. ನಮ್ಮ ಬಿಸಿಲಿಗೆ ಐದಾರು ವಾರದಲ್ಲಿ ಬಹಳಷ್ಟು ಸಾಯುತ್ತವೆ. ಐದು ದಿನಕ್ಕೆ ಎಬ್ಬಿಸಿ, ಐದು ವಾರ ಬಿಟ್ಟು, ನಾಲ್ಕು ಬೆರಳು ಹುಲ್ಲು ಉಳಿಸಿದರೆ ಜಂತುವಿನ ಹಾವಳಿ ತಾನಾಗೇ ತಗ್ಗುತ್ತದೆ. ಉಲ್ಟಾ, ಬೇಲಿ ಹಾಕಿ ಒತ್ತಾಗಿ ಕೂಡಿ ಹದಿನೈದು ದಿನಕ್ಕೇ ವಾಪಸ್ ತಂದರೆ ಜಂತುವಿನ ತೋಟ ಮಾಡಿದ ಹಾಗೆಯೇ.

ಔಷಧಿಯನ್ನು ಎಲ್ಲ ಕುರಿಗೂ ತಿಂಗಳು ತಿಂಗಳು ಕುಡಿಸುವ ರೂಢಿ ನಿಮ್ಮಲ್ಲಿದ್ದರೆ ಬಿಡಿ. ಹುಳುಗಳಿಗೆ ಔಷಧಿ ಒಗ್ಗಿಬಿಡುತ್ತದೆ. ಕುರಿಯ ಕೆಳಗಣ್ಣಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಕೆಳಗೆಳೆದು ಒಳಬಣ್ಣ ನೋಡಿ, ನೆರಳಿನಲ್ಲಲ್ಲ, ಹಗಲು ಬೆಳಕಿನಲ್ಲಿ. ಕೆಂಪಗಿದ್ದರೆ ಬಿಡಿ. ತಿಳಿ ಗುಲಾಬಿಯಾಗಿದ್ದರೆ ವಾರ ಬಿಟ್ಟು ಮತ್ತೆ ನೋಡಿ. ಬಿಳಿಚಿಕೊಂಡಿದ್ದರೆ ಅಥವಾ ದವಡೆ ಕೆಳಗೆ ನೀರು ತುಂಬಿ ಜೋತಿದ್ದರೆ ಅವತ್ತೇ ಔಷಧಿ. ದಕ್ಷಿಣ ಆಫ್ರಿಕಾದ ಕುರಿ ಸಾಕುವವರಿಗೆಂದು ರೂಪಿಸಿದ ಪದ್ಧತಿ ಇದು, ಖರ್ಚಿಲ್ಲದ್ದು, ನಮ್ಮಲ್ಲೂ ಚೆನ್ನಾಗಿ ನಡೆಯುತ್ತದೆ. ಐವರ್‌ಮೆಕ್ಟಿನ್ ಇಂಜೆಕ್ಷನ್ ಮಾಡಿಸಿದ ಮೇಲೆ ಕೆಲವು ದಿನ ಸಗಣಿ ಹುಳಗಳು ಆ ಹಿಕ್ಕೆಯಲ್ಲಿ ಮರಿ ಮಾಡಲಾರವು. ನೆಲಕ್ಕೆ ಗೊಬ್ಬರ ಇಳಿಸುವವರೇ ಅವು. ಬೇಕಾದಾಗ ಹಾಕಿಸಿ, ಅಭ್ಯಾಸ ಮಾಡಬೇಡಿ.

ಇನ್ನೊಂದು ಅಪಾಯ ಕರುಳು ಬೇನೆ. ಐದು ವಾರ ಒಣ ಹೊಟ್ಟು ತಿಂದ ಕುರಿಯನ್ನು ಜುಲೈನಲ್ಲಿ ಒಮ್ಮೆಲೇ ಎಳೆ ಹುಲ್ಲಿಗೆ ಬಿಟ್ಟರೆ ದಷ್ಟಪುಷ್ಟ ಮರಿಯೇ ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುತ್ತದೆ. ಮೇ ತಿಂಗಳಲ್ಲೇ ಲಸಿಕೆ ಹಾಕಿಸಿ. ಮೊದಲ ನಾಲ್ಕು ದಿನ ಹೊಟ್ಟು ತಿನ್ನಿಸಿಯೇ ಒಂದೆರಡು ತಾಸು ಮಾತ್ರ ಮೇಯಲು ಬಿಡಿ.

ಬೇಲಿಯ ವಿಷಯ. ಒಣಗಿದ ಗರಸು ನೆಲದಲ್ಲಿ ಅರ್ಥಿಂಗ್ ಸರಿಯಾಗಿ ಸಿಗುವುದಿಲ್ಲ. ಉಣ್ಣೆ ಇರುವ ಕುರಿಗೆ ಮೂಗಿಗೋ ಕಿವಿಗೋ ತಾಗಿದರೆ ಮಾತ್ರ ಝಟಕಾ ಗೊತ್ತಾಗುತ್ತದೆ. ಕೆಳಗಿನ ತಂತಿಗೆ ಹುಲ್ಲು ಬೆಳೆದು ತಾಗಿದರೆ ಕರೆಂಟ್ ಅಲ್ಲೇ ಸೋರಿಹೋಗುತ್ತದೆ. ನಿಮಗೆ ತುಂಡು ಮಾಡಬೇಕಾಗಿರುವುದು ವರ್ಷಕ್ಕೆ ನಾಲ್ಕು ತಿಂಗಳು. ಕುರಿಗಾರರು ರಾತ್ರಿ ಹಿಂಡು ಕೂಡಲು ಒಯ್ಯುತ್ತಾರಲ್ಲ, ಆ ಬಲೆ ಮತ್ತು ಗೂಟ ಸಾಕು. ಹೇಗೂ ಹಿಂಡಿನ ಹಿಂದೆ ಒಬ್ಬರು ಇದ್ದೇ ಇರುತ್ತಾರೆ. ತುಂಡಿನ ಮೂಲೆಗೆ ಸುಣ್ಣ ಬಳಿದ ಕಲ್ಲು ಇಟ್ಟುಕೊಂಡರೂ ನಡೆಯುತ್ತದೆ. ಒಂದು ಎಚ್ಚರಿಕೆ: ಯಾರೋ ಹೇಳಿದರು ಅಂತ ಮನೆಯ ಅಥವಾ ಪಂಪ್‌ಸೆಟ್‌ನ ಕರೆಂಟನ್ನು ನೇರ ತಂತಿಗೆ ಕೊಡಬೇಡಿ. ಜನ ಸತ್ತಿದ್ದಾರೆ. ಅದು ಅಪರಾಧವೂ ಹೌದು.

ಬಲೆಯಿಂದ ಇನ್ನೊಂದು ಲಾಭ. ಸುಗ್ಗಿ ಮುಗಿದ ಮೇಲೆ ಮಾರ್ಚ್‌ನಿಂದ ಮೇ ತನಕ ರಾತ್ರಿ ಕುರಿಯನ್ನು ದೊಡ್ಡಿಯಲ್ಲಿ ಕೂಡುವ ಬದಲು ಎರೆ ಹೊಲದಲ್ಲೇ ಬಲೆ ಹಾಕಿ ಕೂಡಿ. ಎರಡು ರಾತ್ರಿಗೊಮ್ಮೆ ಬಲೆ ಸರಿಸಿ. ದೊಡ್ಡಿಯಲ್ಲಾದರೆ ಹಿಕ್ಕೆ ಸಿಗುತ್ತದೆ, ಗಂಜಲ ಹೋಗುತ್ತದೆ. ಹೊಲದಲ್ಲಿ ಎರಡೂ ನೆಲಕ್ಕೆ. ನಾಯಿ, ತೋಳದ ಕಾಟ ಇದ್ದರೆ ಮಾತ್ರ ಕಾವಲು ಬೇಕು. ಮಳೆ ಶುರುವಾದ ಮೇಲೆ ಎರೆಗೆ ಯಾವ ಜಾನುವಾರನ್ನೂ ಬಿಡಬೇಡಿ. ಹಸಿ ಎರೆಯಲ್ಲಿ ಗೊರಸು ಊರಿದ ಕಡೆ ನೆಲ ಇಟ್ಟಿಗೆಯಾಗಿ ಕೂತುಬಿಡುತ್ತದೆ.

ಬಿತ್ತನೆಗೆ ಬಿಟ್ಟ ಆ ಒಂದು ಎಕರೆಗೆ ಅಂಜನ್ ಹುಲ್ಲು ಮತ್ತು ಸ್ಟೈಲೋ ಜೋಡಿ. ಎರಡೂ ಗರಸಿಗೆ ಹೊಂದುತ್ತವೆ, ಸ್ಟೈಲೋ ದ್ವಿದಳವಾದ್ದರಿಂದ ಹುಲ್ಲಿಗೆ ಸಾರಜನಕವನ್ನೂ ಒದಗಿಸುತ್ತದೆ. ಎಕರೆಗೆ ತಲಾ ಎರಡು ಕೆಜಿ ಬೀಜ ಸಾಕು. ಅಂಜನ್ ಬೀಜ ಹೊಸದಾಗಿದ್ದರೆ ಸರಿಯಾಗಿ ಮೊಳೆಯುವುದಿಲ್ಲ, ಹಿಂದಿನ ವರ್ಷದ್ದೇ ಕೇಳಿ ತನ್ನಿ. ಸ್ಟೈಲೋ ಬೀಜದ ಸಿಪ್ಪೆ ಗಟ್ಟಿ. ಒಲೆ ಮೇಲೆ ನೀರು ಕುದಿಯುವುದಕ್ಕೆ ಸ್ವಲ್ಪ ಮೊದಲು, ಅಂದರೆ 80 ಡಿಗ್ರಿ ಇದ್ದಾಗ ಇಳಿಸಿ, ಬೀಜವನ್ನು ಬಟ್ಟೆಯಲ್ಲಿ ಕಟ್ಟಿ ನಾಲ್ಕು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ನೆರಳಿನಲ್ಲಿ ಆರಿಸಿ. ಮರಳಿನ ಜತೆ ಬೆರೆಸಿ ಚೆಲ್ಲಿ, ಮೇಲೆ ಮುಳ್ಳಿನ ಕೊಂಬೆ ಎಳೆದರೆ ಆಯ್ತು. ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವುದಿಲ್ಲ. ಮೊದಲ ವರ್ಷ ಅಲ್ಲಿಗೆ ಕುರಿ ಹೋಗಲೇಬಾರದು. ಬೀಜ ಉದುರಿದ ಮೇಲೆ ಅಕ್ಟೋಬರ್ ಕೊನೆಗೆ ಕುಡುಗೋಲಿನಿಂದ ಕೊಯ್ದು ಮನೆಗೆ ತಂದು ಹಾಕಿ. ಎರಡನೇ ವರ್ಷ ಇನ್ನೊಂದು ಎಕರೆ.

ವಿಡಿಯೋಗಳಲ್ಲಿ ಹತ್ತು ಹದಿನೈದು ಬೀಜ ಒಟ್ಟಿಗೆ ಬಿತ್ತಿ 40 ದಿನಕ್ಕೆ ಕುರಿ ಬಿಡುವುದನ್ನೂ ತೋರಿಸುತ್ತಾರೆ. ನೆಲಕ್ಕೆ ಒಳ್ಳೆಯದೇ. ನಮ್ಮಲ್ಲಿ ಅಕ್ಕಡಿ ಸಾಲು ಹಾಕುತ್ತಿದ್ದವರಿಗೆ ಇದು ಗೊತ್ತಿಲ್ಲದ್ದಲ್ಲ. ಆದರೆ ನೀವು ಆ ಮಿಶ್ರಣಕ್ಕೆ ಜೋಳ ಸೇರಿಸಬೇಡಿ. ಎಳೆ ಜೋಳದಲ್ಲಿ, ಅದರಲ್ಲೂ ಮಳೆ ಇಲ್ಲದೆ ಬಾಡಿದ ಎಳೆ ಜೋಳದಲ್ಲಿ ಮತ್ತು ಕೊಯ್ದ ಮೇಲೆ ಒಡೆಯುವ ಮರಿ ಚಿಗುರಿನಲ್ಲಿ ಸೈನೈಡ್ ವಿಷ ಇರುತ್ತದೆ. ತಿಂದ ಕುರಿ ಮೇಲುಸಿರು ಬಿಟ್ಟು, ತೂರಾಡಿ, ಡಾಕ್ಟರಿಗೆ ಫೋನು ಹಚ್ಚುವಷ್ಟರಲ್ಲಿ ಬೀಳುತ್ತದೆ. ಸೋಡಿಯಂ ಥಯೋಸಲ್ಫೇಟ್ ಇಂಜೆಕ್ಷನ್ ಇದೆ, ಸಮಯ ಇರುವುದಿಲ್ಲ. ಜೋಳದ ಬದಲು ಸಜ್ಜೆ ಹಾಕಿ, ಅದಕ್ಕೆ ಅಲಸಂದಿ, ಹುರುಳಿ. ಸಜ್ಜೆಗೆ ಆ ಭಯ ಇಲ್ಲ.

ಗಿಡಗಳ ಬಗ್ಗೆ. ಸುಬಾಬುಲ್‌ನಲ್ಲಿ ಮಿಮೋಸಿನ್ ಅನ್ನುವ ಅಂಶ ಇದೆ, ಜಾಸ್ತಿ ತಿಂದರೆ ಉಣ್ಣೆ, ಕೂದಲು ಉದುರುವುದು ನಿಜ. ಕತ್ತೆ, ಕುದುರೆಗೆ ಹಾಕಲೇಬಾರದು. ಆದರೆ ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯಲ್ಲಿ ಅದರ ವಿಷ ಮುರಿಯುವ ಒಂದು ಬ್ಯಾಕ್ಟೀರಿಯಾ ಇರಬಲ್ಲದು. ಹವಾಯಿಯ ಆಡುಗಳು ಸುಬಾಬುಲ್ ತಿಂದೂ ಆರಾಮಾಗಿದ್ದವು, ಆಸ್ಟ್ರೇಲಿಯಾದ ದನ ಸೊರಗುತ್ತಿದ್ದವು, ಯಾಕೆಂದು ಹುಡುಕಿದಾಗ ಸಿಕ್ಕಿದ್ದು ಅದು. ನಮ್ಮ ಜಾನುವಾರುಗಳಲ್ಲೂ ಅದು ಕಂಡಿದೆ. ಒಟ್ಟು ಮೇವಿನ ಮೂರರಲ್ಲಿ ಒಂದು ಪಾಲು ದಾಟದಂತೆ, ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತ ಕೊಟ್ಟರೆ ಕುರಿಗೆ ತೊಂದರೆ ಇಲ್ಲ. ನನ್ನ ತಕರಾರು ಬೇರೆ. ಕಾಯಿ ಬಲಿತು ಸಿಡಿದರೆ ಹೊಲವೆಲ್ಲ ಸುಬಾಬುಲ್. ಹೂ ಬಿಡುವ ಮೊದಲೇ ಕಡಿಯುವ ಶಿಸ್ತು ಇದ್ದರೆ ಮಾತ್ರ ಹಚ್ಚಿ.

ನಾನಾಗಿದ್ದರೆ ಬದುವಿಗೆ ಗ್ಲಿರಿಸಿಡಿಯಾ ಹಚ್ಚುತ್ತಿದ್ದೆ. ಎದೆ ಎತ್ತರದ ಕೊಂಬೆ ಕಡಿದು ಮಳೆಗಾಲದಲ್ಲಿ ಊರಿದರೆ ಹತ್ತುತ್ತದೆ, ಕುರಿಯ ಬಾಯಿಗೆ ಎಟುಕುವುದಿಲ್ಲ, ಬೇಸಿಗೆಯಲ್ಲಿ ಬಲೆ ಕಟ್ಟಲು ಕಂಬವೂ ಆಯಿತು. ಹಸಿ ಸೊಪ್ಪಿನ ವಾಸನೆಗೆ ಕುರಿ ಮೊದಮೊದಲು ಮೂಗು ಮುರಿಯುತ್ತದೆ. ಬೆಳಗ್ಗೆ ಕಡಿದು, ಸಂಜೆ ತನಕ ಬಾಡಿಸಿ ಹಾಕಿ, ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ. ಇದ್ದ ಬನ್ನಿ, ಕರಿಜಾಲಿ, ಬೇವನ್ನು ಕಡಿಯಬೇಡಿ, ಬೇಸಿಗೆಯ ಜಾಲಿ ಕಾಯಿ ಕುರಿಗೆ ಹಿಂಡಿ ಇದ್ದಂತೆಯೇ. ಬಳ್ಳಾರಿ ಜಾಲಿಯನ್ನು ಮಾತ್ರ ಹತ್ತಿರ ಸೇರಿಸಬೇಡಿ. ಹಿಂಗಾರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಹಾಗಾಗಿ ನೆರಳು ಉತ್ತರಕ್ಕೆ ಬೀಳುತ್ತದೆ. ನಿಮ್ಮ ಉತ್ತರದ ಬದುವಿಗೆ ದಟ್ಟವಾಗಿ ಹಚ್ಚಿದರೆ ನೆರಳು ಪಕ್ಕದವರ ಜೋಳದ ಮೇಲೆ. ಮೊದಲೇ ಮಾತಾಡಿಕೊಳ್ಳಿ, ಬದುವಿನ ಜಗಳ ಮೂರು ತಲೆಮಾರು ನಡೆಯುತ್ತದೆ. ಹುಲ್ಲಿನ ನಡುವೆ ಅಲ್ಲೊಂದು ಇಲ್ಲೊಂದು ಗಿಡ ಸಾಕು. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ಬಯಲು ಹುಲ್ಲುಗಾವಲಿಗೆ ನೀಲಗಿರಿ ಹಚ್ಚಿ ಏನಾಯಿತು ಅಂತ ಹಾವೇರಿ ಕಡೆಯವರಿಗೆ ಗೊತ್ತು. ತೋಪು ಬಂತು, ಬಯಲು ಬೇಕಾದ ಕೃಷ್ಣಮೃಗಕ್ಕೆ ಜಾಗ ಕಡಿಮೆಯಾಯಿತು.

ಎಷ್ಟು ದಿನ ಕಾಯಬೇಕು? ಮೂರು ಮಳೆಗಾಲ. ಬದಲಾವಣೆ ಆಗುತ್ತಿದೆಯೋ ಇಲ್ಲವೋ ತಿಳಿಯಲು ಎರಡೂ ಬಾಯಿ ಕತ್ತರಿಸಿದ ಎಣ್ಣೆ ಡಬ್ಬಿ ಸಾಕು. ನೆಲಕ್ಕೆ ಎರಡು ಬೆರಳು ಒತ್ತಿ ಕೂಡಿಸಿ, ಒಂದು ಲೀಟರ್ ನೀರು ಹುಯ್ದು, ಇಂಗಲು ಎಷ್ಟು ನಿಮಿಷ ಬೇಕು ಅಂತ ಫೋನಿನಲ್ಲಿ ನೋಡಿ ಬರೆದಿಡಿ. ಕುರಿ ತುಳಿದ ಜಾಗದಲ್ಲೊಮ್ಮೆ, ಬಿಡುವು ಕೊಟ್ಟ ಜಾಗದಲ್ಲೊಮ್ಮೆ, ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ. ನಿಮಿಷ ಕಡಿಮೆಯಾಗುತ್ತಿದ್ದರೆ ಮಳೆ ನೀರು ಹಳ್ಳಕ್ಕೆ ಹರಿಯದೆ ನೆಲಕ್ಕೆ ಇಳಿಯುತ್ತಿದೆ ಅಂತ ಲೆಕ್ಕ. ಕಾರ್ಬನ್ ದುಡ್ಡು ಕೊಡಿಸುತ್ತೇವೆ ಅಂತ ಯಾರಾದರೂ ಪಹಣಿ, ಆಧಾರ್ ಕೇಳಿಕೊಂಡು ಬಂದರೆ, ಕಾಗದ ಕನ್ನಡದಲ್ಲಿ ಓದಿಸಿಕೊಳ್ಳದೆ ಸಹಿ ಹಾಕಬೇಡಿ. ನಾಲ್ಕು ಎಕರೆ ಗರಸಿನಲ್ಲಿ ಕೂಡುವ ಇಂಗಾಲಕ್ಕೆ ಬರುವ ಹಣ ನಿಮ್ಮ ಒಂದು ಟಗರಿನ ಬೆಲೆಯಾದರೂ ಆದೀತು ಅನ್ನುವ ನಂಬಿಕೆ ನನಗಿಲ್ಲ.

ಇಷ್ಟೆಲ್ಲ ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ: 45 ಕುರಿ ಇರಲೇಬೇಕಾ? ಬರಗಾಲದ ವರ್ಷ ಎಲ್ಲರೂ ಕುರಿ ಮಾರುವುದು ಮೇವು ಮುಗಿದ ಮೇಲೆ, ಏಪ್ರಿಲ್–ಮೇನಲ್ಲಿ, ಬಡಕಲಾದಾಗ, ರೇಟು ಬಿದ್ದಾಗ. ಮಳೆ ಹುಬ್ಬಿಯಲ್ಲೂ ಕೈಕೊಟ್ಟಿತು ಅಂದರೆ ಅಕ್ಟೋಬರ್‌ನಲ್ಲೇ ಬಣವೆ, ಹೊಟ್ಟು ಲೆಕ್ಕ ಹಾಕಿ, ಮುದಿ ಕುರಿ, ಬೆಳೆಯದ ಮರಿ ಹತ್ತು ಹನ್ನೆರಡನ್ನು ಮೈ ತುಂಬಿದ್ದಾಗಲೇ ಮಾರಿ. ಇದನ್ನು ಮನೆಯವರಿಗೆ ನೀವೇ ಹೇಳಬೇಕಾಗುತ್ತದೆ. ಹಿಂಡು ಕಡಿಮೆ ಮಾಡುವ ಮಾತು ಯಾವ ಗಂಡಸಿನ ಕಿವಿಗೂ ಸುಲಭಕ್ಕೆ ಹೋಗುವುದಿಲ್ಲ.

ಅಂಜನ್, ಸ್ಟೈಲೋ ಬೀಜಕ್ಕೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ವಿಚಾರಿಸಿ. ಅದರ ಮುಖ್ಯ ಕಚೇರಿ ಝಾನ್ಸಿಯಲ್ಲಿದೆ, ನಮ್ಮ ಭಾಗದ ಕೆಲಸ ಧಾರವಾಡದ್ದು. ನಿಮಗೆ ಹತ್ತಿರ ಅಂದರೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ. ಹಾವೇರಿ ಕಡೆಯವರು ಓದುತ್ತಿದ್ದರೆ ಹನುಮನಮಟ್ಟಿ. ಬೀಜ ಬೇಕೆಂದು ಏಪ್ರಿಲ್‌ನಲ್ಲೇ ಹೇಳಿಡಿ. ರೋಹಿಣಿ ಮಳೆ ಬಿದ್ದ ಮೇಲೆ ಹೋದರೆ ನಿಮ್ಮ ಹಾಗೇ ನೆನಪಾದ ಮಂದಿ ಬಾಗಿಲಲ್ಲಿ ನಿಂತಿರುತ್ತಾರೆ.